ಬಾರದ ಡಾಲ್ಫಿನ್‌ಗಳ ವಿಡಿಯೋ

ನಂಜನಗೂಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ ವಿಡಿಯೋ ತೆಗೆಯುತ್ತಿದ್ದೇನೆ. ನಾನಾಗಿ ನಗೆಯನ್ನು ಹುಡುಕಿಕೊಂಡು ಹೋದವನಲ್ಲ. ಕ್ಯಾಮೆರಾ ಸ್ಟ್ಯಾಂಡಿನ ಮೂರು ಕಾಲು ಬಿಚ್ಚಿ ನಿಲ್ಲಿಸಿದರೆ ಸಾಕು, ಅದೇ ವಿಳಾಸ ಕೇಳಿಕೊಂಡು ಬಂದು ಎದುರಿಗೆ ನಿಲ್ಲುತ್ತದೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಸೋದರಮಾವನ ಬೆನ್ನು ಅಡ್ಡ ಬರುವುದು, ಧಾರೆ ಎರೆಯುವಾಗ ಮೈಕಿನಲ್ಲಿ ಯಾರದೋ ಸ್ಕೂಟರ್ ನಂಬರು ಕೂಗಿ ದಾರಿ ಬಿಡಿ ಅನ್ನುವುದು, ಇವೆಲ್ಲ ನನಗೆ ಮಾಮೂಲು. ಆದರೆ ಕಳೆದ ವರ್ಷ ನಾನು ಒಂದು ಸಾಕ್ಷ್ಯಚಿತ್ರ ತೆಗೆದೆ, ಅದೂ ಡಾಲ್ಫಿನ್‌ಗಳ ಬಗ್ಗೆ. ಸಮುದ್ರಕ್ಕೂ ನಂಜನಗೂಡಿಗೂ ಎಷ್ಟು ದೂರ ಅಂತ ನಿಮಗೇ ಗೊತ್ತು. ನಡೆದದ್ದನ್ನು ನಡೆದ ಹಾಗೆ ಬರೆದಿದ್ದೇನೆ. ನಗುವುದು ಬಿಡುವುದು ನಿಮಗೆ ಸೇರಿದ್ದು.

೧. ಮುಹೂರ್ತ ಯಾವತ್ತು?

ಒಂದು ಬೆಳಿಗ್ಗೆ ಸ್ಟುಡಿಯೋಗೆ ಒಬ್ಬ ಹೆಂಗಸು ಬಂದರು. ಅರವತ್ತು ದಾಟಿದವರು, ಹತ್ತಿ ಸೀರೆ, ಕೈಯಲ್ಲೊಂದು ಬಟ್ಟೆ ಚೀಲ. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು ಅಂತ ಆಮೇಲೆ ತಿಳಿಯಿತು. ನಮ್ಮ ಕಸುಬಿನಲ್ಲಿ ಆ ವಯಸ್ಸಿನವರು ಬಂದರೆ ಒಂದೋ ಮಗಳ ಮದುವೆ, ಇಲ್ಲವೇ ಮೊಮ್ಮಗುವಿನ ನಾಮಕರಣ. ಅವರು ಬಾಯಿ ಬಿಡುವುದರೊಳಗೆ ನಾನು ಆರ್ಡರ್ ಪುಸ್ತಕ ತೆಗೆದೆ.

"ಮುಹೂರ್ತ ಯಾವತ್ತು ಮೇಡಂ?"

"ಮುಂದಿನ ತಿಂಗಳ ಕೊನೆಗೆ."

"ಛತ್ರ?"

"ಛತ್ರ ಅಲ್ಲ, ತೊಟ್ಟಿ."

"ಎರಡೂ ಕಡೆಯಿಂದ ಎಷ್ಟು ಜನ?"

"ಇಬ್ಬರೇ. ಎರಡೂ ಡಾಲ್ಫಿನ್ನು."

ನಾನು ಪೆನ್ನು ಕೆಳಗಿಟ್ಟೆ.

ವಿಷಯ ಇಷ್ಟು. ಇಲ್ಲಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ ಒಂದು ನೀರಾಟದ ಪಾರ್ಕ್ ಇದೆ. ಅದರ ಮಾಲೀಕರು ಈಗ ಡಾಲ್ಫಿನ್ ಆಟ ಶುರು ಮಾಡಲು ಹೊರಟಿದ್ದರು. ಹೊರದೇಶದಲ್ಲಿ ಅಂಥದೇ ಆಟ ಆಡಿಸುವ ಒಂದು ಕಂಪನಿ ಬಾಗಿಲು ಹಾಕುತ್ತಿತ್ತಂತೆ, ಅಲ್ಲಿ ಎರಡು ಡಾಲ್ಫಿನ್ ಉಳಿದಿದ್ದವಂತೆ, ಅವನ್ನು ತರಿಸುವ ಮಾತಾಗಿತ್ತು. ನಮ್ಮ ದೇಶದಲ್ಲಿ ಇಂಥ ಆಟಕ್ಕೆ ಅನುಮತಿಯೇ ಇಲ್ಲ ಅಂತ ಮೇಡಂ ಕಾಗದ ತೋರಿಸಿದರೆ, ಮಾಲೀಕರು "ಮೇಲಿನ ಪರ್ಮಿಷನ್ ಮೇಲೆ ನೋಡ್ಕೊಳ್ಳೋಣ, ಮೊದಲು ಊರಿನ ಎನ್‌ಒಸಿ ಇರಲಿ" ಅಂದಿದ್ದರು. ನಮ್ಮ ಅಭ್ಯಂತರ ಇಲ್ಲ ಅಂತ ಪಾರ್ಕ್ ಇರುವ ಊರಿನ ಗ್ರಾಮಸಭೆ ಮುಂದಿನ ತಿಂಗಳ ಕೊನೆಗೆ ಸೇರಿ ಬರೆದುಕೊಟ್ಟರೆ ಅರ್ಧ ಕೆಲಸ ಆದಂತೆ. ಅದಕ್ಕೆ ಮುಂಚೆ ಊರಿನವರಿಗೆ ಒಂದು ಚಿತ್ರ ತೋರಿಸಬೇಕು, ಅದನ್ನು ನೋಡಿ ಅವರು ಬೇಡ ಅನ್ನಬೇಕು ಅನ್ನುವುದು ಮೇಡಂ ಆಸೆ.

"ನಿಮಗ್ಯಾಕೆ ಇಷ್ಟು ಸಂಕಟ?" ಅಂತ ಕೇಳಿಬಿಟ್ಟೆ.

ಮೇಡಂ ಬಟ್ಟೆ ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಹತ್ತು ವರ್ಷದ ಹಿಂದೆ ಟೂರಿನವರ ಜೊತೆ ಹೊರದೇಶಕ್ಕೆ ಹೋಗಿ ಅಂಥ ಆಟ ನೋಡಿದೀನಿ. ಎದ್ದು ನಿಂತು ಚಪ್ಪಾಳೆ ತಟ್ಟಿದೀನಿ, ಜೀವನಪೂರ್ತಿ ಮಕ್ಕಳಿಗೆ ಪ್ರಾಣಿಗಳ ಪಾಠ ಹೇಳಿದವಳು. ಆಟ ಮುಗಿದ ಮೇಲೆ ಬಾತ್‌ರೂಮ್ ಹುಡುಕ್ಕೊಂಡು ಹಿಂದುಗಡೆ ಹೋದೆ. ಅಲ್ಲೊಂದು ಸಣ್ಣ ತೊಟ್ಟೀಲಿ ಅದೇ ಡಾಲ್ಫಿನ್ ಸುತ್ತುತ್ತಾ ಇತ್ತು. ಒಂದೇ ಕಡೆಗೆ, ಒಂದೇ ಸಮ, ಗಾಣದ ಎತ್ತಿನ ಹಾಗೆ. ಆ ಚಪ್ಪಾಳೆ ನನ್ನ ಕೈ ಬಿಟ್ಟು ಇನ್ನೂ ಹೋಗಿಲ್ಲ."

ಮಾತು ಬದಲಾಯಿಸಲು, "ಈಗ ಅವೆರಡೂ ಪಾರ್ಕಿಗೆ ಬಂದಿದಾವಾ?" ಅಂದೆ.

"ಇಲ್ಲ. ಬರಬಾರದು ಅಂತಲೇ ವಿಡಿಯೋ."

"ಬರದೇ ಇರೋರ ವಿಡಿಯೋ ಹೆಂಗೆ ತೆಗೀಲಿ ಮೇಡಂ?"

ಆದರೂ ಒಪ್ಪಿಕೊಂಡೆ. ಹಾಗೆ ನೋಡಿದರೆ ಬರದೇ ಇದ್ದವರ ವಿಡಿಯೋ ನಾನು ಹಿಂದೆ ಒಂದು ಸಲ ತೆಗೆದಿದ್ದೆ. ಅವನು ಆ ಮದುವೆಯ ಗಂಡು. ಆ ವಿಡಿಯೋವನ್ನು ಪೊಲೀಸ್ ಠಾಣೆಯಲ್ಲಿ ಮೂರು ಸಲ ಹಾಕಿಸಿ ನೋಡಿದರು.

೨. ಎಸಿ ಇರುವ ಜೈಲು

ಸಾಕ್ಷ್ಯಚಿತ್ರ ಅಂದಮೇಲೆ ಎದುರು ಪಕ್ಷದವರ ಮಾತೂ ಇರಬೇಕು ಅಂತ ಮೇಡಂ ಹಟ ಹಿಡಿದರು. ಪಾರ್ಕಿನ ಮಾಲೀಕರು ಖಂಡಿತ ಒಪ್ಪುವುದಿಲ್ಲ ಅಂದುಕೊಂಡೇ ಫೋನ್ ಮಾಡಿದೆ. ವಿಡಿಯೋ ಅಂದದ್ದೇ ತಡ, "ಯಾವಾಗ ಬರ್ತೀರಿ?" ಅಂದರು. ನಮ್ಮ ಕಡೆ ಕ್ಯಾಮೆರಾ ಬೇಡ ಅಂದ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ಹೆಣದ ಮುಂದೆ ಕೂತವರೂ ಒಂದು ಸಲ ತಲೆಗೂದಲು ಸರಿಮಾಡಿಕೊಂಡು ಆಮೇಲೆ ಅಳುತ್ತಾರೆ.

ಹೋದಾಗ ಗೇಟಿನ ಮೇಲೆ ಸಿಮೆಂಟಿನ ಡಾಲ್ಫಿನ್ ಆಗಲೇ ಎದ್ದು ನಿಂತಿತ್ತು. ಅದನ್ನು ಮಾಡಿದವನು ಅಲ್ಲಿಯವರೆಗೆ ದೇವಸ್ಥಾನಗಳಿಗೆ ಬಸವ ಮಾಡಿಕೊಂಡಿದ್ದವನಂತೆ. ಡಾಲ್ಫಿನ್ ಕೊರಳಿಗೂ ಒಂದು ಗಂಟೆ ಕಟ್ಟಿದ್ದ.

ಮಾಲೀಕರು ಗರಿಗರಿ ಬಿಳಿ ಪಂಚೆ, ಬಿಳಿ ಅಂಗಿ, ಹಣೆ ತುಂಬ ವಿಭೂತಿ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಮನುಷ್ಯ ಕೆಟ್ಟವರಲ್ಲ. ನಮಗೆ ಎಳನೀರು ಕೊಡಿಸಿದ ಮೇಲೆಯೇ ಮಾತಿಗೆ ಕೂತರು.

ಮೇಡಂ ಕೇಳಿದರು, "ಸಮುದ್ರದಲ್ಲಿ ಇಷ್ಟ ಬಂದ ಕಡೆ ಈಜಿಕೊಂಡಿರಬೇಕಾದ ಪ್ರಾಣೀನ ತಂದು ತೊಟ್ಟೀಲಿ ಕೂಡಿಹಾಕೋದು ಜೈಲಲ್ವಾ?"

"ಜೈಲು ಅಂತೀರಲ್ಲ ಮೇಡಂ. ಟೈಲ್ಸ್ ಹಾಕಿಸ್ತಾ ಇದೀನಿ. ನೀರಿಗೇ ಎಸಿ. ಮೂರು ಹೊತ್ತು ಮೀನು, ವಾರಕ್ಕೊಂದ್ಸಲ ಡಾಕ್ಟ್ರು. ಯಾವ ಜೈಲಲ್ಲಿ ಕೊಡ್ತಾರೆ ಹೇಳಿ? ನಮ್ಮನೇಲಿ ಮೊಟ್ಟೆ ಸಹ ತರಲ್ಲ. ಆದ್ರೂ ಅವಕ್ಕೋಸ್ಕರ ನಾನೇ ಕೈಯಾರೆ ಮೀನು ಹಾಕೋಕೆ ರೆಡಿ ಆಗಿದೀನಿ."

"ಅಷ್ಟು ಚೆನ್ನಾಗಿದ್ರೆ ನೀವೇ ಒಂದು ದಿನ ಆ ತೊಟ್ಟೀಲಿ ಇರಿ. ಬೆಳಿಗ್ಗೆಯಿಂದ ಸಂಜೆವರೆಗೆ, ಸುತ್ತು ಹಾಕ್ಕೊಂಡು. ಇವರು ವಿಡಿಯೋ ತೆಗೀತಾರೆ."

ಮಾಲೀಕರು ಅದನ್ನು ತಮಾಷೆ ಅಂದುಕೊಳ್ಳಲಿಲ್ಲ. ನಿಜವಾಗಿ ಯೋಚನೆ ಮಾಡಿದರು.

"ಇರ್ತಿದ್ದೆ ಮೇಡಂ. ಆದ್ರೆ ನಂಗೆ ನೀರು ಅಂದ್ರೆ ಭಯ. ಪಾರ್ಕ್ ಶುರು ಮಾಡಿ ಎಂಟು ವರ್ಷ ಆಯ್ತು, ಇವತ್ತಿನವರೆಗೂ ಮಂಡಿಯಿಂದ ಮೇಲಕ್ಕೆ ನೀರಿಗೆ ಇಳಿದಿಲ್ಲ ಕಣ್ರೀ."

೩. ಎಷ್ಟು ಶಿಫ್ಟು?

ಜನಾಭಿಪ್ರಾಯಕ್ಕೆ ಮೊದಲು ತಾಂಡ್ಯದ ಕೈಗಾರಿಕಾ ಪ್ರದೇಶದ ಕಡೆ ಹೋದೆವು. ಕಾರ್ಖಾನೆಯೊಂದರ ಮುಂದಿನ ಟೀ ಅಂಗಡಿಯಲ್ಲಿ, ಶಿಫ್ಟ್ ಬಿಟ್ಟ ಹೊತ್ತು. ಸಮವಸ್ತ್ರದಲ್ಲಿದ್ದ ಒಬ್ಬ ಕಾರ್ಮಿಕನ ಮುಂದೆ ಮೈಕ್ ಹಿಡಿದು ಮೇಡಂ ಡಾಲ್ಫಿನ್ ಕಷ್ಟವನ್ನು ಮನಮುಟ್ಟುವ ಹಾಗೆ ವಿವರಿಸಿದರು. ಅವನು ಬಿಸ್ಕತ್ತು ಅದ್ದುವುದನ್ನೂ ಬಿಟ್ಟು ಕೇಳಿದ. ಇವನ ಮನಸ್ಸು ಕರಗಿತು ಅಂದುಕೊಂಡು ನಾನು ಮುಖಕ್ಕೆ ಹತ್ತಿರ ಹೋದೆ.

"ದಿನಕ್ಕೆ ಎಷ್ಟು ಆಟ ಆಡಿಸ್ತಾರೆ ಮೇಡಂ?"

"ನಾಲ್ಕೋ ಐದೋ."

"ವಾರಕ್ಕೊಂದು ರಜ?"

"ಇಲ್ಲ. ರಜದ ದಿನವೇ ಜನ ಜಾಸ್ತಿ, ಆಟಾನೂ ಜಾಸ್ತಿ."

"ಆಟ ಆಡಲಿಲ್ಲ ಅಂದ್ರೆ?"

"ಮೀನು ಕಮ್ಮಿ ಮಾಡ್ತಾರೆ."

ಅವನು ಲೋಟ ಕೆಳಗಿಟ್ಟ. "ಮೇಡಂ, ನೀವು ಆಗಿಂದ ಬಂಧನ, ಸ್ವಾತಂತ್ರ್ಯ ಅಂತ ದೊಡ್ಡ ದೊಡ್ಡ ಮಾತು ಹೇಳ್ತಾ ಇದೀರಿ, ಯಾರಿಗೂ ತಲೆಗೆ ಹೋಗಲ್ಲ. ಕಾಂಟ್ರ್ಯಾಕ್ಟ್ ಲೇಬರ್ ಅಂತ ಒಂದೇ ಮಾತು ಹೇಳಿ, ಈ ಏರಿಯಾ ಪೂರ್ತಿ ಅರ್ಥ ಆಗುತ್ತೆ."

೪. ಬಿಚ್ಚಿಬಿಟ್ಟ ಹಸು

ಹಳ್ಳಿಯ ಕಡೆ ಇನ್ನೊಂದು ತೊಂದರೆ. ಕ್ಯಾಮೆರಾ ಕಂಡರೆ ಯಾರೋ ಸರ್ಕಾರದವರು ಸರ್ವೇಗೆ ಬಂದರು ಅಂತಲೇ ಲೆಕ್ಕ. ಬಿಳಿಗೆರೆಯಲ್ಲಿ ಡಾಲ್ಫಿನ್ ಬಗ್ಗೆ ಏನನ್ನಿಸುತ್ತದೆ ಅಂತ ಕೇಳಿದರೆ ಒಬ್ಬರು ಬೀದಿದೀಪ ಅಂದರು, ಒಬ್ಬರು ಚರಂಡಿ ಅಂದರು, ಒಬ್ಬ ಅಜ್ಜಿ ಪಿಂಚಣಿ ಪುಸ್ತಕವನ್ನು ಲೆನ್ಸಿಗೆ ತಾಗಿಸಿ ಹಿಡಿದಳು. ಮೂರು ಗಂಟೆ ಚಿತ್ರೀಕರಣದಲ್ಲಿ ಡಾಲ್ಫಿನ್ ಅನ್ನುವ ಮಾತು ಮೇಡಂ ಬಾಯಲ್ಲಿ ಬಿಟ್ಟರೆ ಬೇರೆ ಯಾರ ಬಾಯಲ್ಲೂ ಬರಲಿಲ್ಲ.

ಮಾರನೆಯ ದಿನ ಹದಿನಾರು ಅನ್ನುವ ಊರಿಗೆ ಹೋದೆವು. ಹಟ್ಟಿಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಒಬ್ಬ ಯಜಮಾನರು ಸಿಕ್ಕಿದರು. ದಿನಕ್ಕೆರಡು ಹೊತ್ತು ಡೈರಿಗೆ ಹಾಲು ಹಾಕುವ ರೈತ, ಮಾತು ಖಡಕ್ಕು. ಮೇಡಂ ನೇರವಾಗಿ ಕೇಳಿದರು, "ಯಜಮಾನ್ರೇ, ಒಂದು ಪ್ರಾಣೀನ ಅದರ ಜಾಗದಿಂದ ತಂದು ಕಟ್ಟಿಹಾಕೋದು ಸರೀನಾ?"

ಯಜಮಾನರು ಮೇಡಂ ಮುಖ ನೋಡಿದರು, ತಮ್ಮ ಹಸು ನೋಡಿದರು, ಕ್ಯಾಮೆರಾ ನೋಡಿದರು.

"ಏನವ್ವಾ, ಅಸ ಕಟ್ಟಾಕಿವ್ನಿ ಅಂತ ನನ್ ಮ್ಯಾಲೆ ಕೇಸ್ ಆಕಾಕ್ ಬಂದಿದ್ದೀರಾ?"

"ಇಲ್ಲ ಇಲ್ಲ, ನಾನು ಕೇಳ್ತಿರೋದು ಡಾಲ್ಫಿನ್..."

"ಇದ್ನ ನಾನು ಕಟ್ಟಾಕಿಲ್ಲ. ಇದು ಪಿರೂತಿಗೆ ನಿಂತದೆ. ಅಗ್ಗ ಸುಮ್ಕೆ ಯೆಸರ್‌ಗೆ. ಬಿಚ್ಚುದ್ರೂ ಒಂದೆಜ್ಜೆ ಅಲ್ಲಾಡಾಕಿಲ್ಲ, ನೋಡ್ತೀರಾ?"

ನಾವು ಬೇಡ ಅನ್ನುವುದರೊಳಗೆ ಹಗ್ಗ ಬಿಚ್ಚಿಯೇಬಿಟ್ಟರು. ಹಸು ಒಂದು ನಿಮಿಷ ನಿಜಕ್ಕೂ ಅಲ್ಲೇ ನಿಂತಿತು. ಯಜಮಾನರು ಕ್ಯಾಮೆರಾ ಕಡೆ ತಿರುಗಿ ಹೆಮ್ಮೆಯಿಂದ ಮೀಸೆ ಮುಟ್ಟಿಕೊಂಡರು. ಅವರು ಮೀಸೆಯಿಂದ ಕೈ ತೆಗೆಯುವ ಹೊತ್ತಿಗೆ ಹಸು ಪಕ್ಕದವರ ಜೋಳದ ಹೊಲದಲ್ಲಿತ್ತು. ಅಲ್ಲಿಂದ ಇನ್ನೊಬ್ಬರ ಹುರುಳಿ, ಅಲ್ಲಿಂದ ಕೆರೆ ಏರಿ. ಬಾಲ ಎತ್ತಿಕೊಂಡು ಅದು ಓಡಿದ ಓಟವನ್ನು ನಾನು ಯಾವ ಮದುವೆಯ ಬ್ಯಾಂಡಿನವರಲ್ಲೂ ಕಂಡಿಲ್ಲ. ಹಿಂದೆ ಯಜಮಾನರು, ಅವರ ಹಿಂದೆ ಅವರ ಹೆಂಡತಿ ಬೈದುಕೊಂಡು, ಹಿಂದೆ ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು, ಕೊನೆಗೆ ನಾನು ಕ್ಯಾಮೆರಾ ಹೊತ್ತು. ಕಡೆಗೆ ಇಡೀ ಕೇರಿಯೇ ಬಂದು ಹಿಡಿಯಬೇಕಾಯಿತು.

ಯಜಮಾನರು ಏರಿಯ ಮೇಲೆ ಕೂತು ಏದುಸಿರು ಬಿಡುತ್ತಾ ಮೇಡಂಗೆ ಹೇಳಿದರು, "ನೀವೇಳುದ್ದೇ ದಿಟ ಕಣವ್ವ. ಪಿರೂತಿಗೆ ಯಾವ್ದೂ ನಿಂತಿಲ್ಲ. ಬರ್ಕೊಳಿ." ಆಮೇಲೆ ಹಸುವನ್ನು ಎರಡು ಹಗ್ಗದಲ್ಲಿ ಕಟ್ಟಿದರು.

೫. ಮದುಮಗಳ ನಗು

ನಮ್ಮಲ್ಲಿ ಎಡಿಟಿಂಗ್ ಪೂರ್ತಿ ನಮ್ಮನೆಯವಳದು. ನಾನು ತೆಗೆದುಕೊಂಡು ಬಂದಿದ್ದನ್ನು ಮನುಷ್ಯರು ನೋಡುವ ಹಾಗೆ ಮಾಡುವವಳು ಅವಳೇ. ಚಿತ್ರಕ್ಕೆ ನಿಜವಾದ ಡಾಲ್ಫಿನ್ ಎಲ್ಲಿಂದ ತರುವುದು ಅಂತ ತಲೆ ಕೆಡಿಸಿಕೊಂಡಿದ್ದಾಗ ಮೇಡಂ ತಮ್ಮ ಹಳೇ ಮೊಬೈಲ್ ತಂದುಕೊಟ್ಟರು. ಅದರಲ್ಲಿ ಆ ಟೂರಿನ ವಿಡಿಯೋ ಇತ್ತು. ಎರಡು ಡಾಲ್ಫಿನ್ ಜೊತೆಯಾಗಿ ನೆಗೆಯುತ್ತವೆ, ಜನ ಕೂಗುತ್ತಾರೆ. ಮೇಡಂ ಚಪ್ಪಾಳೆ ತಟ್ಟುವಾಗ ಮೊಬೈಲ್ ಅಲ್ಲಾಡಿ ಚಿತ್ರವೂ ಅಲ್ಲಾಡುತ್ತದೆ. ಅದನ್ನು ಹಾಕಿದಾಗ ಅವರು ಕಂಪ್ಯೂಟರ್ ಕಡೆ ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು.

ನಾನಂದೆ, "ಎಷ್ಟು ಖುಷಿಯಾಗಿ ನಗ್ತಾ ಇದಾವಲ್ಲ ಮೇಡಂ. ಜನ ಇದನ್ನ ನೋಡಿದ್ರೆ ನಮ್ಮ ಮಾತು ನಂಬ್ತಾರಾ?"

ನಮ್ಮನೆಯವಳು ಅದನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮುಖವನ್ನು ದೊಡ್ಡದು ಮಾಡಿ ನೋಡಿದಳು. "ಅದು ನಗು ಅಲ್ಲ ಕಣ್ರೀ," ಅಂದಳು. "ಅದರ ಬಾಯಿ ಇರೋದೇ ಹಂಗೆ. ರಿಸೆಪ್ಷನ್‌ನಲ್ಲಿ ಮೂರನೇ ಗಂಟೆ ನಿಂತಿರೋ ಮದುಮಗಳನ್ನ ನೋಡಿಲ್ವಾ? ಎಲ್ಲ ಫೋಟೋದಲ್ಲೂ ಹಲ್ಲು ಕಾಣುತ್ತೆ. ಕಣ್ಣು ಮಾತ್ರ ಕುರ್ಚಿ ಹುಡುಕ್ತಾ ಇರುತ್ತೆ."

ಮೇಡಂ ಕ್ಯಾಲೆಂಡರ್ ಬಿಟ್ಟು ಅವಳ ಕಡೆ ತಿರುಗಿದರು. "ಮೂವತ್ತು ವರ್ಷ ಪಾಠ ಮಾಡಿದೀನಮ್ಮ. ಇದನ್ನ ಇಷ್ಟು ಚೆನ್ನಾಗಿ ಹೇಳೋಕೆ ನನಗೆ ಬಂದಿರಲಿಲ್ಲ." ಆ ಮಾತನ್ನು ಹಾಗೇ ನಮ್ಮನೆಯವಳ ದನಿಯಲ್ಲಿ ಚಿತ್ರಕ್ಕೆ ಸೇರಿಸಿದೆವು. ನನ್ನ ಹೆಂಡತಿಯ ಬಗ್ಗೆ ನನಗೆ ಅಷ್ಟು ಹೆಮ್ಮೆಯಾದದ್ದು ಅದೇ ಮೊದಲು, ಅವಳಿಗೆ ಹೇಳಿಲ್ಲ.

ವಾರ ಬಿಟ್ಟು ಮೇಡಂ ಪೂರ್ತಿ ಚಿತ್ರ ನೋಡಲು ಬಂದರು. ಇಪ್ಪತ್ತೆರಡು ನಿಮಿಷ. ನಮ್ಮ ಕಂಪ್ಯೂಟರ್‌ನಲ್ಲಿ ಹದಿನೈದು ವರ್ಷದಿಂದ ಮದುವೆ ಬಿಟ್ಟು ಬೇರೆ ಕೆಲಸ ಆಗಿಲ್ಲ. ಯಾವ ಗುಂಡಿ ಒತ್ತಿದರೂ ಅದು ತನಗೆ ಅಭ್ಯಾಸವಾದದ್ದನ್ನೇ ಮಾಡುತ್ತದೆ. ಡಾಲ್ಫಿನ್‌ಗಳೆರಡೂ ಜೊತೆಯಾಗಿ ನೆಗೆದ ಕೂಡಲೇ ಮೇಲಿಂದ ಗುಲಾಬಿ ಎಸಳು ಉದುರಿದವು. ಎರಡರ ಮುಖವೂ ಒಂದೊಂದು ಹೃದಯದೊಳಗೆ ಬಂದು ಕೂತಿತು, ಹಿಂದಿನಿಂದ ನಾದಸ್ವರ, ಕೆಳಗೆ ಬಂಗಾರದ ಅಕ್ಷರದಲ್ಲಿ "ತಮ್ಮ ಆಗಮನವನ್ನು ಬಯಸುವ ಬಂಧುಮಿತ್ರರು".

ಮೇಡಂ ಪೂರ್ತಿ ನೋಡಿ ತಣ್ಣಗೆ ಹೇಳಿದರು, "ಇದನ್ನ ಹೀಗೇ ತೋರಿಸಿದ್ರೆ ಊರಿನವರು ಮುಯ್ಯಿ ತಗೊಂಡು ಬರ್ತಾರೆ."

೬. ಉದ್ಘಾಟಕರು

ಎಸಳು, ಹೃದಯ ಎಲ್ಲ ತೆಗೆದ ಮೇಲೆ, ಗ್ರಾಮಸಭೆಗೆ ಮುಂಚೆ ಒಂದು ಸಲ ನಂಜನಗೂಡಿನಲ್ಲೇ ತೋರಿಸೋಣ ಅಂದುಕೊಂಡೆವು. ಊರಿನ ಒಂದು ಸಂಘದವರು ಸಭಾಂಗಣ ಕೊಡಲು ಮುಂದೆ ಬಂದರು. ಆಹ್ವಾನ ಪತ್ರಿಕೆ ಅಚ್ಚಾಗಿ ಬಂತು. "ಉದ್ಘಾಟನೆ: ಖ್ಯಾತ ಉದ್ಯಮಿಗಳು, ಪ್ರಾಣಿಪ್ರಿಯರು" ಅಂತಿತ್ತು. ಅದರ ಕೆಳಗೆ ನಮ್ಮ ಪಾರ್ಕಿನ ಮಾಲೀಕರ ಹೆಸರು.

ಮೇಡಂ ಕಾರ್ಯದರ್ಶಿಗೆ ಫೋನ್ ಮಾಡಿದರು. "ಈ ಚಿತ್ರ ಇರೋದೇ ಅವರ ವಿರುದ್ಧ."

"ಗೊತ್ತು ಮೇಡಂ. ಆದ್ರೆ ನಮ್ಮ ಸಂಘದ ಎಲ್ಲ ಕಾರ್ಯಕ್ರಮಕ್ಕೂ ಅವರೇ ಉದ್ಘಾಟಕರು. ಇದೊಂದಕ್ಕೆ ಕರೀದಿದ್ರೆ ಬೇಜಾರು ಮಾಡ್ಕೋತಾರೆ."

ಪ್ರಾರ್ಥನೆ, ಸ್ವಾಗತ, ದೀಪ ಹಚ್ಚುವುದು, ಪ್ರಾಸ್ತಾವಿಕ ನುಡಿ ಆಯಿತು. ಆಮೇಲೆ ಸನ್ಮಾನ. ನಮ್ಮ ಕಡೆ ಸನ್ಮಾನ ಶುರುವಾದರೆ ಶಾಲು ಮುಗಿಯಬೇಕೇ ಹೊರತು ಜನ ಮುಗಿಯುವುದಿಲ್ಲ. ಮಾಲೀಕರಿಗೆ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಹಾರವನ್ನು ಮೇಡಂ ಕೈಯಿಂದಲೇ ಹಾಕಿಸಿದರು. ನಾನು ಅಭ್ಯಾಸಬಲದಿಂದ "ಸ್ವಲ್ಪ ಈ ಕಡೆ ನೋಡಿ, ಸ್ವಲ್ಪ ನಗಿ" ಅಂದುಬಿಟ್ಟೆ. ಮೇಡಂ ನಗಲಿಲ್ಲ, ನನ್ನ ಕಡೆ ನೋಡಿದರು ಅಷ್ಟೆ. ಆ ನೋಟ ಈಗಲೂ ವಿಡಿಯೋದಲ್ಲಿದೆ.

ಮಾಲೀಕರು ಮೈಕ್ ಹಿಡಿದು, "ಈ ಚಿತ್ರ ನೋಡಿ ನನ್ನ ಕಣ್ಣು ತೆರೆಯಿತು" ಅಂದರು. ಚಿತ್ರವನ್ನು ಇನ್ನೂ ಹಾಕಿರಲಿಲ್ಲ. ಮುಂದುವರಿದು, "ನಮ್ಮ ಡಾಲ್ಫಿನ್ ಕೊಳ ಸಿದ್ಧವಾದ ಮೇಲೆ ಇಂಥ ಒಳ್ಳೆಯ ಚಿತ್ರವನ್ನು ಪ್ರತಿಯೊಂದು ಆಟಕ್ಕೂ ಮುಂಚೆ ಉಚಿತವಾಗಿ ತೋರಿಸುತ್ತೇವೆ ಅಂತ ಈ ವೇದಿಕೆಯ ಮೇಲೆ ಘೋಷಿಸುತ್ತೇನೆ" ಅಂದರು. ಭಾರಿ ಚಪ್ಪಾಳೆ. ವೇದಿಕೆ ಮೇಲೆ ಕೂತ ಗುಂಗಿನಲ್ಲಿ ಮೇಡಂ ಕೂಡ ಎರಡು ಸಲ ತಟ್ಟಿ, ಆಮೇಲೆ ತಮ್ಮ ಕೈಯನ್ನೇ ನೋಡಿಕೊಂಡರು.

ವಂದನಾರ್ಪಣೆ ಮುಗಿಯುವ ಹೊತ್ತಿಗೆ ಸಭಾಂಗಣ ಬಿಟ್ಟುಕೊಡಲು ಆರು ನಿಮಿಷ ಉಳಿದಿತ್ತು. ಆಮೇಲೆ ಅಲ್ಲಿ ಯಾರದೋ ಸೀಮಂತ. ಇಪ್ಪತ್ತೆರಡು ನಿಮಿಷದ ಚಿತ್ರದಲ್ಲಿ ಜನ ನೋಡಿದ್ದು ಮಾಲೀಕರ ಸಂದರ್ಶನ ಒಂದನ್ನೇ. ಹೊರಗೆ ಹೋಗುವಾಗ ಒಬ್ಬರು ನನ್ನ ಕೈ ಕುಲುಕಿ, "ಜಾಹೀರಾತು ಬಹಳ ಚೆನ್ನಾಗಿ ಬಂದಿದೆ" ಅಂದರು.

೭. ಸದರಿ ಡಾಲ್ಫಿನ್‌ಗಳು

ಗ್ರಾಮಸಭೆ ತಿ. ನರಸೀಪುರದ ಕಡೆಯ ಆ ಊರಿನ ಸಮುದಾಯ ಭವನದಲ್ಲಿ, ಹಗಲು ಹನ್ನೊಂದು ಗಂಟೆಗೆ. ಕಿಟಕಿಗಳಿಗೆ ಗೋಣಿಚೀಲ ಹೊದಿಸಿ ಕತ್ತಲೆ ಮಾಡಿದೆವು. ಮನೆ ಪಟ್ಟಿ, ಪಿಂಚಣಿ, ಜಾಬ್ ಕಾರ್ಡ್ ಅಂತ ಬಂದಿದ್ದ ಜನ ಭವನದ ತುಂಬ. ಒಂದು ಬದಿಯಲ್ಲಿ ಮಾಲೀಕರು, ಇನ್ನೊಂದು ಬದಿಯಲ್ಲಿ ಮೇಡಂ, ನಡುವೆ ನಡಾವಳಿ ಪುಸ್ತಕ ಬಿಚ್ಚಿಕೊಂಡು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ಅವರನ್ನು ಎಲ್ಲರೂ ಪಿಡಿಒ ಸಾಹೇಬರು ಅನ್ನುತ್ತಾರೆ. ಇಲ್ಲಿ ಜನ ಒಪ್ಪಿ ಕೈ ಎತ್ತಿದರೆ ಆ ಎರಡು ಡಾಲ್ಫಿನ್‌ಗಳು ವಿಮಾನ ಹತ್ತಿದ ಹಾಗೇ ಅಂತ ಮೇಡಂಗೆ ಗೊತ್ತಿತ್ತು.

ಚಿತ್ರ ಹಾಕಿದೆ. ಹಸು ಓಡಿದಾಗ ಭವನ ಬಿದ್ದು ಹೋಗುವ ಹಾಗೆ ನಕ್ಕರು. ಇನ್ನೊಂದು ಸಲ ಹಾಕಿ ಅಂದರು. ಮೂರು ಸಲ ಹಾಕಿದೆ. ಆಮೇಲೆ ಡಾಲ್ಫಿನ್ ಬಂತು, ನಮ್ಮನೆಯವಳ ಮಾತು ಬಂತು, ಆ ಸಣ್ಣ ತೊಟ್ಟಿಯ ಬಗ್ಗೆ ಮೇಡಂ ಹೇಳಿದ್ದು ಬಂತು. ಎಲ್ಲರೂ ಸುಮ್ಮನೆ ನೋಡಿದರು. ನನಗೂ ಆಸೆ ಹುಟ್ಟಿತು. ದೀಪ ಹಾಕಿದ ಮೇಲೆ ಮುಂದೆ ಕೂತಿದ್ದ ಒಬ್ಬಾಕೆ ಕಣ್ಣೊರೆಸಿಕೊಂಡು ಕೇಳಿದಳು, "ಏಸು ಸಂದಾಗವೆ ಕಣವ್ವ. ಊರೋರ್ಗೆ ಟಿಕೀಟ್ ಇಲ್ಲ ತಾನೆ?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಮಾಲೀಕರು ಎದ್ದು, ಊರಿನವರಿಗೆ ಪ್ರವೇಶ ಪುಕ್ಕಟೆ, ಕೆಲಸದಲ್ಲೂ ಊರಿನವರಿಗೇ ಆದ್ಯತೆ ಅಂದರು. ತಲೆಗಳು ಆಡಿದವು. ಪಿಡಿಒ ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಮೇಡಂ ತಲೆ ತಗ್ಗಿಸಿ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದರು.

ಆಗ ಹಿಂದಿನಿಂದ, ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಒಬ್ಬ ಹಿರಿಯರು ಎದ್ದರು. ಅಲ್ಲಿಯವರೆಗೆ ಹಸುವಿಗೂ ನಕ್ಕಿರಲಿಲ್ಲ, ಡಾಲ್ಫಿನ್‌ಗೂ ಕರಗಿರಲಿಲ್ಲ.

"ಸಾ, ಅವು ಸಮುದ್ರದವು ಅಂತೀರಿ. ನಮ್ ಒಳೆ ನೀರು ಒಗ್ತದಾ ಅವ್ಕೆ?"

ಮಾಲೀಕರಿಗೆ ಉತ್ಸಾಹ ಬಂತು. "ಒಳ್ಳೆ ಪ್ರಶ್ನೆ ಕೇಳಿದ್ರಿ ಗೌಡ್ರೇ. ಒಗ್ಗಲ್ಲ. ಅದಕ್ಕೇ ಲಾರಿಗಟ್ಟಲೆ ಉಪ್ಪು ತರಿಸಿ, ಬೆರೆಸಿ, ಸಮುದ್ರಾನೇ ಇಲ್ಲಿ ಮಾಡ್ತೀವಿ."

"ಆ ನೀರು ಗಲೀಜಾದ್ರೆ?"

"ಬದಲಾಯಿಸ್ತಾ ಇರ್ತೀವಿ. ಹೊಸ ನೀರು, ಹೊಸ ಉಪ್ಪು. ಅದರಲ್ಲಿ ರಾಜಿ ಇಲ್ಲ."

"ಅಳೇ ನೀರ್‌ನ ಎಲ್ಲಿಗೆ ಬುಡ್ತೀರಿ?"

"ಪಕ್ಕದಲ್ಲೇ ನಾಲೆ ಇದೆಯಲ್ಲ," ಅಂದರು ಮಾಲೀಕರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಭವನದಲ್ಲಿ ಕೂತವರಲ್ಲಿ ಆ ನಾಲೆಯ ಕೆಳಗೆ ಭತ್ತ ಹಾಕದವರು ನಾನು, ಮೇಡಂ, ಮಾಲೀಕರು, ಪಿಡಿಒ ನಾಲ್ಕೇ ಜನ. ಹಿರಿಯರು ಟವೆಲನ್ನು ಹೆಗಲಿಂದ ತೆಗೆದು ತಲೆಗೆ ಸುತ್ತಿದರು.

"ಉಪ್ಪುನೀರು. ನಾಲೆಗೆ."

ಆಮೇಲೆ ಆದದ್ದನ್ನು ಪೂರ್ತಿ ತೆಗೆಯಲು ನನ್ನ ಒಂದು ಕ್ಯಾಮೆರಾ ಸಾಲಲಿಲ್ಲ. ಬೆಂಚುಗಳು ಹಿಂದಕ್ಕೆ ಬಿದ್ದವು, ಪಂಚೆಗಳು ಮೇಲಕ್ಕೆ ಹೋದವು. ಮಾಲೀಕರು ಫಿಲ್ಟರ್ ಅಂದರು, ಪೈಪ್‌ಲೈನ್ ಅಂದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಟಿಕೀಟು ಕೇಳಿದ್ದ ಆ ಹೆಂಗಸೇ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿ, "ಟಿಕೀಟೂ ಬ್ಯಾಡ, ಏನೂ ಬ್ಯಾಡ. ಪಾಪ, ಮೂಕ್‌ ಪ್ರಾಣಿಗೊಳು, ಅವುಗೊಳ ಪಾಡ್ಗೆ ಅವು ಸಮುದ್ರದಲ್ಲಿರ್ಲಿ ಬುಡಿ" ಅಂದಳು. ಮೂಕಪ್ರಾಣಿ ಅನ್ನುವ ಮಾತು ಆ ಸಭೆಯಲ್ಲಿ ಬಂದದ್ದು ಆಗಲೇ ಮೊದಲು.

ಮೇಡಂ ನನ್ನ ಕಿವಿಯಲ್ಲಿ, "ನಮ್ಮ ಇಪ್ಪತ್ತೆರಡು ನಿಮಿಷದಲ್ಲಿ ಉಪ್ಪಿನ ಮಾತೇ ಹಾಕಿರಲಿಲ್ಲವಲ್ಲ. ಬಯಾಲಜಿ ಟೀಚರ್ ನಾನು" ಅಂದರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಎರಡೂ ಇತ್ತು ಅಂತ ಕಾಣುತ್ತದೆ.

ಪಿಡಿಒ ಸಾಹೇಬರು ಮಾತ್ರ ಗದ್ದಲಕ್ಕೆ ಅಲ್ಲಾಡಲಿಲ್ಲ. ಸೂಚಿಸುವವರು ಯಾರು ಅಂದರು, ಹಿರಿಯರು ಸಹಿ ಹಾಕಿದರು. ಅನುಮೋದಿಸುವವರು ಯಾರು ಅಂದರು, ಆ ಹೆಂಗಸು ಹೆಬ್ಬೆಟ್ಟು ಒತ್ತಿದಳು. ಆಮೇಲೆ ಎಲ್ಲರನ್ನೂ ಕೂರಿಸಿ ಬರೆದದ್ದನ್ನು ಗಟ್ಟಿಯಾಗಿ ಓದಿದರು.

"ವಿಷಯ, ಡಾಲ್ಫಿನ್ ಕೊಳಕ್ಕೆ ನಿರಾಕ್ಷೇಪಣಾ ಪತ್ರ ನೀಡುವ ಬಗ್ಗೆ. ಸಭೆಯು ಈ ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ, ಅರ್ಜಿಯನ್ನು ತಿರಸ್ಕರಿಸಿ, ಸದರಿ ಎರಡು ಡಾಲ್ಫಿನ್‌ಗಳು ಮುಂದಿನ ಆದೇಶದವರೆಗೆ ಸಮುದ್ರದಲ್ಲಿಯೇ ವಾಸಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿತು."

ಮೇಡಂ ಎದ್ದು ನಿಂತರು. "ಮುಂದಿನ ಆದೇಶದವರೆಗೆ ಅಂದ್ರೇನು? ನಾಳೆ ಬೇರೆ ಆದೇಶ ಬಂದ್ರೆ?"

"ಹೆದರ್ಕೋಬೇಡಿ ಮೇಡಂ. ನನ್ನನ್ನ ಈ ಪಂಚಾಯ್ತಿಗೆ ಮುಂದಿನ ಆದೇಶದವರೆಗೆ ಅಂತ ಹಾಕಿ ಒಂಬತ್ತು ವರ್ಷ ಆಯ್ತು."

"ಇನ್ನೊಂದು ಇದೆ. ಅವು ಈಗ ಸಮುದ್ರದಲ್ಲಿಲ್ಲ. ಆ ದೇಶದಲ್ಲೂ ತೊಟ್ಟಿಯಲ್ಲೇ ಇವೆ."

ಪಿಡಿಒ ಸಾಹೇಬರು ಪುಸ್ತಕ ನೋಡಿದರು. ಸಹಿ ಬಿದ್ದಿತ್ತು, ಹೆಬ್ಬೆಟ್ಟೂ ಬಿದ್ದಿತ್ತು. ನಡಾವಳಿ ಪುಸ್ತಕದಲ್ಲಿ ಒಂದಕ್ಷರ ಹೊಡೆದುಹಾಕುವ ಹಾಗಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು,

"ಹಂಗಾದ್ರೆ ಅಲ್ಲಿಯವರು ಅವನ್ನ ಸಮುದ್ರಕ್ಕೆ ಬಿಡಲೇಬೇಕಾಗುತ್ತೆ ಮೇಡಂ. ಗ್ರಾಮಸಭೆ ತೀರ್ಮಾನ ಆಗೋಗಿದೆ."

ಭವನದಲ್ಲಿ ಯಾರೂ ನಗಲಿಲ್ಲ. ಹೌದು ಹೌದು, ಬಿಡಬೇಕು ಅಂದರು. ಮೇಡಂ ಆ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಇನ್ನೊಂದು ಸಲ ಓದಿ, "ಇದರದ್ದೊಂದು ನಕಲು ಕೊಡಿ. ಆ ಕಂಪನಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡ್ತೀನಿ" ಅಂದರು.

ಪಿಡಿಒ ಸಾಹೇಬರು ನಕಲು ತೆಗೆಸಿ ದುಂಡು ಮೊಹರು ಒತ್ತಿದರು. ಸಹಿ ಮಾಡಲು ಹೋದವರು ಪೆನ್ನು ತಡೆದು ಕೇಳಿದರು, "ಡಾಲ್ಫಿನ್ ಬಿಟ್ಟ ಬಗ್ಗೆ ಹದಿನೈದು ದಿನದೊಳಗೆ ಅನುಪಾಲನಾ ವರದಿ ಸಲ್ಲಿಸಬೇಕು ಅಂತ ಸೇರಿಸಲಾ ಮೇಡಂ?"

ಮೇಡಂ ಕಣ್ಣೊರೆಸಿಕೊಂಡರು. "ಏಳು ದಿನ ಅಂತ ಹಾಕಿ."